ಅರ್ಧ ಇಂಚು ನೀರಿನಲ್ಲಿ ವೈನ್ ದ್ರಾಕ್ಷಿ



2023ರ ಮುಂಗಾರು ಕೈಕೊಟ್ಟದ್ದು ನಿಮಗೆಲ್ಲ ನೆನಪಿದೆ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಆ ವರ್ಷ ಕಾರ್ತೀಕ ಮಾಸದಲ್ಲಿ ಮುರುಗಮಲ್ಲದ ಹತ್ತಿರದ ತೋಟವೊಂದಕ್ಕೆ ಹೋಗಿದ್ದೆ. ಒಂದು ಎಕರೆ ವೈನ್ ದ್ರಾಕ್ಷಿ. ಒಂದೂವರೆ ಇಂಚು ಬರುತ್ತಿದ್ದ ಬೋರು ಅರ್ಧ ಇಂಚಿಗೆ ಇಳಿದಿತ್ತು. "ಇರೋ ನೀರನ್ನ ಹೆಂಗೆ ಹಂಚಲಿ ಸಾರ್?" ಎಂದು ತೋಟದ ಹಿರಿಯರು ಕೇಳಿದರು. "ದಿನಾ ಒಂದೇ ಸಮ ಕೊಡಿ, ಬಳ್ಳಿ ಒಣಗದಿದ್ದರೆ ಸಾಕು" ಎಂದೆ. ಬಳ್ಳಿ ಒಣಗಲಿಲ್ಲ, ನಿಜ. ಆದರೆ ಕಾಯಿ ಬಟಾಣಿ ಗಾತ್ರದಲ್ಲಿ ನಿಂತುಬಿಟ್ಟಿತು. ಫೆಬ್ರವರಿಯಲ್ಲಿ ಗಾಬರಿಯಾಗಿ ಟ್ಯಾಂಕರು ನೀರು ತರಿಸಿ ಹಾಯಿಸಿದರು. ಹಣ್ಣು ದಪ್ಪವಾಗುವ ಬದಲು ಸಿಪ್ಪೆ ಸೀಳಿ ನೊಣ ಮುತ್ತಿತು. ತೂಕ ಅರ್ಧಕ್ಕೆ ಬಂತು, ಟ್ಯಾಂಕರಿನ ಸಾಲ ಉಳಿಯಿತು. ಸಲಹೆ ನನ್ನದು, ನಷ್ಟ ಅವರದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ದ್ರಾಕ್ಷಿ ಹೊಸದಲ್ಲ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2007ರಲ್ಲಿ ಸರ್ಕಾರ ದ್ರಾಕ್ಷಾರಸ ನೀತಿ ತಂದ ಮೇಲೆ ಕ್ಯಾಬರ್ನೆ, ಶಿರಾಜ್ ಮುಂತಾದ ವೈನ್ ತಳಿಗಳಿಗೂ ಮನಸ್ಸು ಮಾಡಿದವರಿದ್ದಾರೆ. ನಂದಿ ಬೆಟ್ಟದ ಸುತ್ತಿನ ತಂಪು ರಾತ್ರಿಗಳನ್ನು ನಂಬಿಯೇ ಈ ಬೆಳೆ ಇಲ್ಲಿಗೆ ಬಂದದ್ದು.

ಈಗ ಆ ತಂಪಿಗೇ ಕುತ್ತು. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಇಷ್ಟಕ್ಕೆ ಏನಾಗುತ್ತದೆ ಎನ್ನಬೇಡಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ತೇವ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಆ ತೇವವನ್ನು ಅದು ನಿಮ್ಮ ಮಣ್ಣಿನಿಂದ, ಎಲೆಯಿಂದ ಹೀರುತ್ತದೆ. ಮಳೆಮಾಪಕದಲ್ಲಿ ಹಿಂದಿನಷ್ಟೇ ಮಳೆ ಕಂಡರೂ ಬಳ್ಳಿಯ ಪಾಲಿಗೆ ಅದು ಕಡಿಮೆ ಮಳೆಯೇ. ಮಳೆಯಾದರೂ ಹದವಾಗಿ ಬರುತ್ತದೆಯೇ? 2021ರ ನವೆಂಬರಿನಲ್ಲಿ ನಮ್ಮ ಕೆರೆಗಳು ಕೋಡಿ ಬಿದ್ದು ಹೊಲಗಳಲ್ಲಿ ನೀರು ನಿಂತಿತು. ಎರಡೇ ವರ್ಷಕ್ಕೆ ಬರ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲೇ 38.5 ಡಿಗ್ರಿ ಬಿಸಿಲು.

ದ್ರಾಕ್ಷಿ ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ನೀರು ಸಾಲದಾದಾಗ ಬಳ್ಳಿ ಇವನ್ನು ಮುಚ್ಚಿಕೊಳ್ಳುತ್ತದೆ. ನೀರೇನೋ ಉಳಿಯುತ್ತದೆ, ಆದರೆ ಸಕ್ಕರೆ ತಯಾರಿಸಲು ಬೇಕಾದ ಇಂಗಾಲಾಮ್ಲ ಒಳಬರುವುದೂ ಅದೇ ಬಾಯಿಂದ. ಜೊತೆಗೆ ಬಿಸಿ ಹೆಚ್ಚಾದರೆ ಹಣ್ಣಿನ ಹುಳಿ ಬೇಗ ಇಳಿಯುತ್ತದೆ, ಕಪ್ಪು ತಳಿಗಳಲ್ಲಿ ಬಣ್ಣ ಸರಿಯಾಗಿ ಕೂರುವುದಿಲ್ಲ. ಹುಳಿಯೂ ಬಣ್ಣವೂ ಇಲ್ಲದ ಹಣ್ಣನ್ನು ವೈನ್ ಕಾರ್ಖಾನೆಯವರು ಮುಟ್ಟಿ ನೋಡಿ ಹಿಂದೆ ಸರಿಯುತ್ತಾರೆ.

ಇನ್ನು ನೀರಿನ ವಿಚಾರ. ಅಕ್ಟೋಬರಿನಲ್ಲಿ, ಹಸ್ತ–ಚಿತ್ತಾ ಮಳೆಯ ಹೊತ್ತಿಗೆ, ಫಸಲಿಗಾಗಿ ಬಳ್ಳಿ ಸವರಿದಿರಿ ಎನ್ನಿ. ಮೊದಲ 40 ದಿನ ಸಾಧಾರಣ ನೀರು ಸಾಕು. ಹೂವಿನ ಕಾಲದಲ್ಲಿ ಇನ್ನೂ ಸ್ವಲ್ಪ ಕಡಿಮೆ ಮಾಡಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಕಾಯಿ ಕಚ್ಚಿದ ದಿನದಿಂದ ಬಣ್ಣ ತಿರುಗುವವರೆಗಿನ ಸುಮಾರು 50 ದಿನ, ಅಂದರೆ ಡಿಸೆಂಬರ್ ಮತ್ತು ಜನವರಿಯ ಬಹುಭಾಗ, ಬಳ್ಳಿಗೆ ನೀರು ಹೆಚ್ಚು ಬೇಕಾದ ಕಾಲ. ಈ ಮೊದಲ ಬೆಳವಣಿಗೆಯಲ್ಲಿ ಕುಗ್ಗಿದ ಕಾಯಿ ಆಮೇಲೆ ಎಷ್ಟು ನೀರು ಸುರಿದರೂ ಹಿಗ್ಗುವುದಿಲ್ಲ. ನಾನು ಎಡವಿದ್ದು ಇಲ್ಲಿಯೇ. ಬಣ್ಣ ತಿರುಗಿದ ಮೇಲೆ ಕೆಂಪು ವೈನಿನ ತಳಿಗಳಿಗೆ ನೀರನ್ನು ತುಸು ಬಿಗಿ ಹಿಡಿದರೆ ಬಣ್ಣಕ್ಕೂ ರುಚಿಗೂ ಒಳ್ಳೆಯದು. ಒಣಗಿಸಿ, ಒಮ್ಮೆಲೇ ನೀರು ನುಗ್ಗಿಸಿದರೆ ಮಾತ್ರ ಹಣ್ಣು ಸೀಳುತ್ತದೆ. ಸಣ್ಣ ಹಣ್ಣೇ ವೈನಿಗೆ ಮೇಲು ಎಂದು ಕೊಳ್ಳುವವರು ಹೇಳುವುದುಂಟು. ಸಿಪ್ಪೆಯ ಪಾಲು ಹೆಚ್ಚಾಗುವುದರಿಂದ ಅದು ಸುಳ್ಳಲ್ಲ. ಆದರೆ ಹಣ ಎಣಿಸುವುದು ತೂಕಕ್ಕೆ. ಈ ಮಾತನ್ನು ಒಪ್ಪಂದದ ಹೊತ್ತಿನಲ್ಲೇ ಆಡಿ ಮುಗಿಸಿಕೊಳ್ಳಿ.

ಕೊಯ್ಲಾದ ಮೇಲೆ ಹದಿನೈದು ಇಪ್ಪತ್ತು ದಿನ ಬಳ್ಳಿಗೆ ವಿಶ್ರಾಂತಿ. ಅಶ್ವಿನಿ–ಭರಣಿ ಮಳೆಯ ಕಾಲದ ಏಪ್ರಿಲ್ ಸವರಿಕೆಯೇ ಈಗ ಕಷ್ಟದ್ದು. ಮೊದಲ 40 ದಿನ ಚಿಗುರು ಕಟ್ಟಲು ಧಾರಾಳ ನೀರು ಬೇಕು, ಬೋರು ಬತ್ತುವುದೂ ಆಗಲೇ. ಅದಾದ ಮೇಲೆ ಸುಮಾರು ಒಂದು ತಿಂಗಳು ಮುಂದಿನ ಫಸಲಿನ ಗೊಂಚಲು ಕಣ್ಣಿನೊಳಗೆ ಮೂಡುತ್ತಿರುತ್ತದೆ. ಆಗ ನೀರು ಇಳಿಸಿದರೆ ಲಾಭವೇ. ಎರಡು ಫಸಲು ತೆಗೆಯುವ ನೀಲಿ ದ್ರಾಕ್ಷಿಯವರು ಬರದ ವರ್ಷ ಬೇಸಿಗೆಯ ಫಸಲಿನ ಆಸೆ ಬಿಡುವುದು ಮೇಲೆಂದು ನನ್ನ ಅಭಿಪ್ರಾಯ.

ಬಳ್ಳಿಗೆ ನೀರು ಸಾಲದು ಎಂದು ತಿಳಿಯುವುದು ಹೇಗೆ? ಚಿಗುರಿನ ತುದಿ ನೋಡಿ. ನೀರುಂಡ ಬಳ್ಳಿಯ ಹಿಡಿತಂತು ತುದಿಯನ್ನು ಮೀರಿ ಚಾಚಿರುತ್ತದೆ. ಸಾಲದಾದಾಗ ಜೋತುಬಿದ್ದು ಒಣಗುತ್ತದೆ. ಮಧ್ಯಾಹ್ನ ಎಲೆ ಬಾಡಿದರೆ ಅಂಜಬೇಡಿ. ಬೆಳಗಿನ ಜಾವಕ್ಕೂ ಚೇತರಿಸಿಕೊಳ್ಳದಿದ್ದರೆ ಅಂದೇ ಮೋಟಾರು ಹಾಕಿ.

ಹನಿ ನೀರನ್ನು ರಾತ್ರಿ ಅಥವಾ ಮುಂಜಾನೆ ಬಿಡಿ. ಬುಡಕ್ಕೆ ಹೊದಿಕೆ ಹಾಸಿ. ರಾಗಿ ಹುಲ್ಲು ದನಕ್ಕಿರಲಿ. ಹುಳುಮನೆಯಿಂದ ಹೊರಬೀಳುವ ಹಿಪ್ಪುನೇರಳೆ ಕಡ್ಡಿ ನಮ್ಮಲ್ಲಿ ಬೇಕಾದಷ್ಟಿದೆ. ಒಂದು ಎಕರೆ ಮೇಲೆ 25 ಮಿ.ಮೀ. ಮಳೆಯೆಂದರೆ ಒಂದು ಲಕ್ಷ ಲೀಟರು. ಅದರಲ್ಲಿ ಕಾಲುಭಾಗ ಕೃಷಿ ಹೊಂಡಕ್ಕೆ ಹರಿದರೂ ಕಾಯಿ ಕಚ್ಚಿದ ಕಾಲಕ್ಕೆ ಆಸರೆ. ಇನ್ನೊಂದು ಬೋರು ಕೊರೆಸುವ ಮುನ್ನ ಈ ಲೆಕ್ಕ ಮಾಡಿ. ಸಾವಿರ ಅಡಿಯ ಕೆಳಗೆ ನೀರು ಸಿಕ್ಕೀತೆಂಬ ಭರವಸೆಯಿಲ್ಲ, ಸಿಕ್ಕರೂ ಅದರಲ್ಲಿ ಉಪ್ಪು ಎಷ್ಟೋ. ಹೊಸದಾಗಿ ನೆಡುವವರು ಮೊದಲು ನೀರು ಪರೀಕ್ಷೆ ಮಾಡಿಸಿ, ಆಮೇಲೆ ಬೇರುಸಸಿ ಆರಿಸಿ. ಡಾಗ್‌ರಿಡ್ಜ್ ಬರಕ್ಕೂ ಉಪ್ಪಿಗೂ ತಡೆಯುತ್ತದೆ, ಆದರೆ ಚಿಗುರಿನ ಅಬ್ಬರ ಜಾಸ್ತಿ; ವೈನ್ ತಳಿಗಳಿಗೆ 110 ಆರ್ ಹೆಚ್ಚು ಹೊಂದುತ್ತದೆ. ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯಿರಿ.

ಮುರುಗಮಲ್ಲದ ಆ ಹಿರಿಯರು ಕಳೆದ ಹಂಗಾಮಿನಲ್ಲಿ ಬಳ್ಳಿಯ ಗೊಂಚಲುಗಳಲ್ಲಿ ಮೂರನೇ ಒಂದು ಪಾಲು ಕತ್ತರಿಸಿ ಹಾಕಿದರು. ಕತ್ತರಿಸುವಾಗ ಮನೆಯವರು ಬೈದರಂತೆ. ಉಳಿದ ಗೊಂಚಲಿಗೆ ಡಿಸೆಂಬರಿನಲ್ಲಿ ನೀರು ಸಾಲಿತು, ಕಾಯಿ ತುಂಬಿಕೊಂಡವು. ಟ್ಯಾಂಕರು ತರಿಸಲಿಲ್ಲ. ಹಳೆಯ ಸಾಲದ ಎರಡು ಕಂತು ಮಾತ್ರ ಇನ್ನೂ ಬಾಕಿಯಿದೆ.