ಹಾಯಿದೋಣಿಯ ಒಳಮರಗೆಲಸ

ಬಯಲುಸೀಮೆಯವರಾದ ನಮಗೆ ಹಾಯಿದೋಣಿಯೆಂದೊಡನೆ ನೆನಪಾಗುವುದು ಗಾಳಿಗೆ ಉಬ್ಬಿದ ಪಟವೇ ಹೊರತು ಅದರ ಒಡಲಲ್ಲ. ಆದರೆ ಪಟವನ್ನು ಹೊತ್ತ ಕೂವೆಮರದ ಭಾರವನ್ನು ತಾಳುವುದು ಆ ಒಡಲೊಳಗಿನ ಮರಗೆಲಸ. ಅದು ಕೊಳೆತರೆ ಕೆಡುವುದು ಒಳಕೋಣೆಯ ಅಂದವೊಂದೇ ಅಲ್ಲ. ನಡುಗಡಲಲ್ಲಿ ಕೂವೆಯೇ ಉರುಳಬಹುದು.

ಕಾರ್ಲ್ ಆಲ್ಬರ್ಗ್ ಅವರು ವಿನ್ಯಾಸಗೊಳಿಸಿ, ಅಮೆರಿಕದ ಪಿಯರ್ಸನ್ ಸಂಸ್ಥೆಯವರು 1959ರಲ್ಲಿ ಹೊರತಂದ 'ಟ್ರೈಟನ್' ದೋಣಿಯನ್ನು ಉದಾಹರಣೆಯಾಗಿ ನೋಡೋಣ. ಉದ್ದ ಸುಮಾರು 28 ಅಡಿ. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಹೊರಮೈ ದಶಕಗಳು ಕಳೆದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಕೆಡುವುದು ಒಳಗಿನ ಪ್ಲೈವುಡ್. ಇಲ್ಲಿ ಕೂವೆಮರವು ಡೆಕ್ಕಿನ ಮೇಲೆ ನಿಂತಿದ್ದು, ಅದರ ಒತ್ತಡವು ಕೆಳಗಿನ ತೊಲೆಯ ಮೂಲಕ ಅಡ್ಡಗೋಡೆಗಳಿಗೆ ಇಳಿಯುತ್ತದೆ.

ಕೊಳೆತಕ್ಕೆ ಕಾರಣ ಸಮುದ್ರದ ನೀರೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಮಳೆಯ ಸಿಹಿನೀರೇ ಹೆಚ್ಚು ಹಾನಿಕರ. ಮರವನ್ನು ತಿನ್ನುವ ಶಿಲೀಂಧ್ರಗಳಿಗೆ ಉಪ್ಪು ಅಷ್ಟಾಗಿ ಒಗ್ಗದು. ಡೆಕ್ಕಿಗೆ ಬಿಗಿದ ಲೋಹಭಾಗಗಳ ರಂಧ್ರಗಳಿಂದ ನೀರು ಹನಿಹನಿಯಾಗಿ ಇಳಿಯುತ್ತದೆ. ಮೇಲಿನ ವಾರ್ನಿಷ್ ಹೊಳೆಯುತ್ತಿದ್ದರೂ ಒಳಗೆ ಮರ ಮೆತ್ತಗಾಗಿರಬಹುದು. ತಟ್ಟಿದಾಗ ಮಂದ ಸದ್ದು ಬಂದಲ್ಲಿ, ದಬ್ಬಳ ಸಲೀಸಾಗಿ ಇಳಿದಲ್ಲಿ, ಸಂಶಯಕ್ಕೆ ಎಡೆಯಿಲ್ಲ. ಆದುದರಿಂದ ಮೊದಲು ಸೋರಿಕೆಯನ್ನು ನಿಲ್ಲಿಸಿ, ಅನಂತರವೇ ಹೊಸ ಮರವನ್ನು ತರತಕ್ಕದ್ದು.

ಕೆಲಸಕ್ಕೆ ಮುನ್ನ ಕೂವೆಮರವನ್ನು ಇಳಿಸಿ, ದೋಣಿಯನ್ನು ದಡದ ಮೇಲೆ ಭದ್ರವಾಗಿ ಆನಿಸಿ ನಿಲ್ಲಿಸಬೇಕು. ಅಡ್ಡಗೋಡೆಗಳನ್ನೆಲ್ಲ ಒಮ್ಮೆಗೇ ಕಿತ್ತರೆ ಹೊರಮೈಯ ಆಕಾರವೇ ವ್ಯತ್ಯಾಸವಾದೀತು. ಒಂದೊಂದಾಗಿ ಬದಲಿಸುವುದು ಕ್ಷೇಮ. ಹಳೆಯ ಹಲಗೆ ಇಡಿಯಾಗಿ ಹೊರಬಂದರೆ ಅದೇ ಅಚ್ಚು. ಪುಡಿಯಾಗಿದ್ದರೆ ತೆಳುವಾದ ಪಟ್ಟಿಗಳನ್ನು ಒಳಮೈಯ ಬಾಗಿಗೆ ತಾಗಿಸಿ, ಒಂದಕ್ಕೊಂದು ಅಂಟಿಸಿ ಅಚ್ಚು ತೆಗೆಯಬೇಕು. ಮನೆಯ ಬಡಗಿಗೆ ಆಪ್ತವಾದ ಮೂಲೆಮಟ್ಟ ಇಲ್ಲಿ ಹೆಚ್ಚು ನೆರವಾಗದು. ದೋಣಿಯ ಒಡಲಲ್ಲಿ ಲಂಬಕೋನ ಸಿಗುವುದೇ ಅಪರೂಪ. ಇನ್ನೊಂದು ತೊಡಕೆಂದರೆ, ಇಡೀ ಹಲಗೆ ಪ್ರವೇಶದ್ವಾರದಲ್ಲಿ ಹಿಡಿಸದೆ ಹೋಗಬಹುದು. ಆಗ ಎರಡು ತುಂಡು ಮಾಡಿ, ಒಳಗೆ ಒಯ್ದು ಬೆಸೆಯದೆ ಗತ್ಯಂತರವಿಲ್ಲ.

ಪ್ಲೈವುಡ್ಡಿನ ಮೇಲೆ ಬಿಎಸ್ 1088 ಎಂಬ ಮುದ್ರೆಯಿದ್ದರೆ ಪದರಗಳ ನಡುವಿನ ಅಂಟು ಕುದಿನೀರಿಗೂ ಬಿಡುವುದಿಲ್ಲವೆಂದು ತಿಳಿಯಬಹುದು. ಆದರೆ ಮರ ಕೊಳೆಯದೆಂಬ ಭರವಸೆ ಅದಲ್ಲ. ಹಗುರವಾದ ಓಕುಮೆ ಮರದ ಹಲಗೆಗೂ ಈ ಮುದ್ರೆಯುಂಟು. ಅದು ತೇವಕ್ಕೆ ಬೇಗ ಸೋಲುವ ಮರ. ಅಂಚುಗಳು ನೀರನ್ನು ಹೀರುವುದರಿಂದ ಅವಕ್ಕೆ ಎಪಾಕ್ಸಿ ರಾಳವನ್ನು ಚೆನ್ನಾಗಿ ಕುಡಿಸಬೇಕು. ತೇಗ ಸಹಜವಾಗಿಯೇ ಬಾಳಿಕೆಯುಳ್ಳದ್ದು (1968–69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರು ಒಬ್ಬರೇ ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮಾಡಿದ 'ಸುಹೇಲಿ' ಮುಂಬಯಿಯಲ್ಲಿ ತೇಗದಿಂದಲೇ ನಿರ್ಮಿತವಾದುದು). ಆದರೆ ಅದರ ಎಣ್ಣೆಯಂಶ ಅಂಟಿಗೆ ವಿರೋಧಿ. ಅಂಟು ಹಚ್ಚುವ ಮುನ್ನ ಅಸಿಟೋನಿನಿಂದ ಒರೆಸುವುದು ಅವಶ್ಯ.

ಹಲಗೆಯ ಅಂಚು ಹೊರಮೈಗೆ ನೇರವಾಗಿ ಒತ್ತಬಾರದು. ಒತ್ತಿದಲ್ಲಿ ಅಲೆಯ ಹೊಡೆತವೆಲ್ಲ ಒಂದೇ ಗೆರೆಯಲ್ಲಿ ಕೇಂದ್ರೀಕೃತವಾಗಿ ಗಾಜುನಾರು ಸೀಳೀತು. ನಡುವೆ ಕಿರಿದಾದ ಸಂದು ಬಿಟ್ಟು, ನೊರೆಹಲಗೆಯ ಪಟ್ಟಿ ಇಟ್ಟು, ಮೂಲೆಯನ್ನು ಎಪಾಕ್ಸಿ ಲೇಪದಿಂದ ದುಂಡಗೆ ತುಂಬಿ, ಇಕ್ಕೆಲಗಳಲ್ಲಿಯೂ ಗಾಜುನಾರಿನ ಬಟ್ಟೆಯನ್ನು ಪದರಪದರವಾಗಿ ಅಂಟಿಸುವುದು ಸರಿಯಾದ ಕ್ರಮ. ಹಳೆಯ ಬಣ್ಣವನ್ನು ಪೂರ್ಣ ಉಜ್ಜಿ ತೆಗೆಯದಿದ್ದರೆ ಈ ಬೆಸುಗೆ ನಿಲ್ಲದು. ರಾಳವು ಸಂಪೂರ್ಣ ಗಟ್ಟಿಯಾಗುವವರೆಗೆ ಕೂವೆಮರವನ್ನು ಮತ್ತೆ ಏರಿಸುವಂತಿಲ್ಲ.