ಸಾರಿನಲ್ಲಿ ಬೆರೆಸುವ ಔಷಧಿ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ತೋರಿಸಿದರು. “ಅವಗ ಗೊತ್ತಾಗಧಂಗ ಸಾರಿನ್ಯಾಗ ಹಾಕಿದ್ರ ಕುಡಿಯೋದು ಬಿಡ್ತಾನಂತ. ಹಾಕ್ಲೇನ್ರಿ ಅಕ್ಕಾರ?”

ಮಗನಿಗೆ ಕೆಲವು ವರ್ಷಗಳಿಂದ ಮನಸ್ಸಿನ ಕಾಯಿಲೆ. ಯಾರೂ ಇಲ್ಲದಾಗ ಕಿವಿಯಲ್ಲಿ ಬೈಗುಳ ಕೇಳಿಸುತ್ತದಂತೆ. ಮಾತ್ರೆ ನುಂಗುವಷ್ಟು ದಿನ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಾನೆ, ಕುಡಿತ ಶುರುವಾದರೆ ಮಾತ್ರೆ ಬಿಡುತ್ತಾನೆ. ಒಂದು ಕಡೆ “ಮೊದಲು ಕುಡಿತ ಬಿಡಿಸಿಕೊಂಡು ಬರ್ರಿ” ಅಂದರಂತೆ, ಇನ್ನೊಂದು ಕಡೆ “ಮೊದಲು ತಲೆ ಸರಿ ಮಾಡಿಸ್ರಿ” ಅಂದರಂತೆ. ಆಕೆ ಯಾವ ಬಾಗಿಲಿಗೆ ಹೋಗಬೇಕು, ನೀವೇ ಹೇಳಿ.

ಇಂಥ ಪೊಟ್ಟಣದೊಳಗೆ ಏನಿರುತ್ತದೆಂದು ಮಾರುವವನೂ ಹೇಳುವುದಿಲ್ಲ. ಕೆಲವರು ಗುಟ್ಟಾಗಿ ಬೆರೆಸುವುದು ಡೈಸಲ್ಫಿರಾಂ ಎಂಬ ಮಾತ್ರೆಯನ್ನು. ಅದು ವೈದ್ಯರು ಬರೆದುಕೊಡುವ ನಿಜವಾದ ಔಷಧಿಯೇ. ಆದರೆ ಅದು ಹೊಟ್ಟೆಯಲ್ಲಿದ್ದಾಗ ಸಾರಾಯಿ ಬಿದ್ದರೆ ಮುಖ ಕೆಂಪಾಗಿ, ಎದೆ ಡವಡವ ಹೊಡೆದು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಜೀವ ಹೋದದ್ದೂ ಉಂಟು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರಬಹುದು. ಆದ್ದರಿಂದಲೇ ರೋಗಿಗೆ ಎಲ್ಲವನ್ನೂ ತಿಳಿಸಿ, ಅವನು ಒಪ್ಪಿದರೆ ಮಾತ್ರ ಕೊಡುತ್ತಾರೆ. ಇಲ್ಲದ ದನಿ ಕೇಳುವವರಲ್ಲಿ ಅದು ಕಾಯಿಲೆಯನ್ನೇ ಕೆರಳಿಸಲೂಬಹುದು. ಅದಿರಲಿ, ತನ್ನ ಊಟದಲ್ಲಿ ಯಾರೋ ವಿಷ ಹಾಕುತ್ತಿದ್ದಾರೆಂದು ಮೊದಲೇ ಶಂಕಿಸುವ ಮಗನಿಗೆ ತಾಯಿಯೇ ಸಾರಿನಲ್ಲಿ ಏನೋ ಬೆರೆಸಿದ್ದು ತಿಳಿದರೆ ಗತಿಯೇನು? ಆಮೇಲೆ ಆಕೆ ಕೈಯಾರೆ ಕೊಟ್ಟ ಮಾತ್ರೆಯನ್ನು ಅವನು ನುಂಗುತ್ತಾನೆಯೇ?

ಹಾಗೆಂದು “ಇವತ್ತಿಂದ ಒಂದು ಹನಿ ಮುಟ್ಟಬೇಡ” ಎಂದು ಕೋಣೆಗೆ ಹಾಕಿ ಚಿಲಕ ಹಾಕುವುದೂ ಸರಿಯಲ್ಲ. ದಿನಾ ಹೆಚ್ಚು ಕುಡಿಯುವವನು ಫಕ್ಕನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಮನೆಯವರು “ಹುಚ್ಚು ಜಾಸ್ತಿಯಾಯ್ತು, ಗಾಳಿ ಸೋಕಿತು” ಅಂದುಕೊಳ್ಳುತ್ತಾರೆ. ಅದು ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ಅಲ್ಲಿ ನಡುಕ ತಡೆಯುವ ಮಾತ್ರೆ ಕೊಟ್ಟು, ಬಿ-1 ಜೀವಸತ್ವದ ಇಂಜೆಕ್ಷನ್ ಹಾಕಿ, ಕೆಲವು ದಿನಗಳಲ್ಲಿ ನಿಧಾನವಾಗಿ ಇಳಿಸುತ್ತಾರೆ. ಕುಡಿಯುವ ಆಸೆಯನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳೂ ಈಗ ಇವೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಎರಡೂ ಕಾಯಿಲೆಗೆ ಒಬ್ಬರೇ ಮನೋವೈದ್ಯರಲ್ಲಿ, ಒಟ್ಟಿಗೇ ಚಿಕಿತ್ಸೆ ಕೇಳಿರಿ. ಕುಡಿತ ನಿಲ್ಲುವತನಕ ಮನಸ್ಸಿನ ಕಾಯಿಲೆ ಕಾಯಬೇಕಿಲ್ಲ, ಇದು ಕಾಯುತ್ತ ಕೂತರೆ ಅದೂ ನಿಲ್ಲುವುದಿಲ್ಲ. ಜಿಲ್ಲಾ ಆಸ್ಪತ್ರೆ ಇದೇ ಅಥಣಿ ರಸ್ತೆಯಲ್ಲಿದೆ. ಇನ್ನೂ ದೊಡ್ಡ ಕಡೆ ಬೇಕೆಂದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೇ ಮನೋರೋಗದ ತರಬೇತಿ ಕೊಟ್ಟು ತೋರಿಸಿದ್ದರಿಂದಲೇ ಜಿಲ್ಲೆ ಜಿಲ್ಲೆಗೆ ಈ ಸೇವೆ ಬಂತು.

ಹೋಗುವಾಗ ಹಳೆಯ ಚೀಟಿ, ಖಾಲಿ ಮಾತ್ರೆ ಹಾಳೆ, ಆ ಪೊಟ್ಟಣ ಎಲ್ಲವನ್ನೂ ಒಯ್ಯಿರಿ. ದಿನಕ್ಕೆ ಎಷ್ಟು ಕುಡಿಯುತ್ತಾನೆಂದು ಮುಚ್ಚಿಡದೆ ಹೇಳಿ. “ಕುಡಿದ ದಿನ ಮಾತ್ರೆ ಕೊಡಲೋ ಬೇಡವೋ” ಅಂತ ಖುದ್ದಾಗಿ ಕೇಳಿಕೊಳ್ಳಿ, ಮನೆಯಲ್ಲಿ ನೀವೇ ತೀರ್ಮಾನಿಸಬೇಡಿ. ಒಮ್ಮೆ ಬಿಟ್ಟವನು ಮತ್ತೆ ಕುಡಿದರೆ ಬೈದು ಕೂರದೆ ಮತ್ತೆ ಕರೆದೊಯ್ಯಿರಿ. ಸಕ್ಕರೆ ಕಾಯಿಲೆ ಏರಿಳಿದರೆ ನಾವು ಯಾರನ್ನೂ ಬೈಯುವುದಿಲ್ಲವಲ್ಲ!

2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದು ಮಗನಿಗಷ್ಟೇ ಅಲ್ಲ, ರಾತ್ರಿ ನಿದ್ದೆಯಿಲ್ಲದೆ ಬಾಗಿಲು ಕಾಯುವ ತಾಯಿಗೂ, ಹೆಂಡತಿಗೂ ಹೌದು. ಆ ನಂಬರನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಟ್ಟೆ. ಆಕೆ ಅದನ್ನೂ ಪೊಟ್ಟಣದ ಜೊತೆಗೇ ಸೆರಗಿಗೆ ಕಟ್ಟಿಕೊಂಡು ತಿಕೋಟಾದಲ್ಲಿ ಇಳಿದರು.