ಕರ್ಟನ್ ಬೆಳ್ಳಗಾಗಲಿ ಎಂದು ಬ್ಲೀಚ್ ಸುರಿಯುವ ಮೊದಲು...

ಪೆರ್ನಾಲ್‌ಗೆ ಇನ್ನು ಹತ್ತು ದಿನ ಇದೆ ಎನ್ನುವಾಗ ನಮ್ಮ ಮನೆಗಳಲ್ಲಿ ಶುರುವಾಗುವ ದೊಡ್ಡ ಒಗೆತ ಯಾರಿಗೆ ಗೊತ್ತಿಲ್ಲ? ಬೆಡ್‌ಶೀಟ್, ದಿಂಬಿನ ಕವರು, ಸೋಫಾದ ಬಟ್ಟೆ ಎಲ್ಲವೂ ಹಿತ್ತಿಲ ಹಗ್ಗಕ್ಕೆ ಏರುತ್ತವೆ. ಕೊನೆಗೆ ಉಳಿಯುವುದು ಚಾವಡಿ ಕಿಟಕಿಯ ನೆಟ್ ಕರ್ಟನ್. ಅದನ್ನು ಇಳಿಸಿ ಹೊಸ ಬಿಳಿ ಶೀಟಿನ ಪಕ್ಕ ಇಟ್ಟಾಗಲೇ ಗೊತ್ತಾಗುವುದು, ನಾವು ಇಷ್ಟು ದಿನ ಬಿಳಿ ಅಂದುಕೊಂಡದ್ದು ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದೆ ಎಂದು.

ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಆದದ್ದೂ ಇದೇ. ಕಾಕ ಮೊದಲ ರಜೆಗೆ ದಮ್ಮಾಮ್‌ನಿಂದ ಬಂದಾಗ ಪೆಟ್ಟಿಗೆಯ ಅಡಿಯಲ್ಲಿ ಮಡಚಿ ತಂದ ಕರ್ಟನ್ ಅದು. ಉಮ್ಮನಿಗೆ ಅದರ ಮೇಲೆ ವಿಶೇಷ ಪ್ರೀತಿ. ಆ ವರ್ಷ ತಾತನ ನಿಶ್ಚಯ ಬೇರೆ ಇತ್ತು. ಗಂಡಿನ ಕಡೆಯವರು ಬಂದು ಚಾವಡಿಯಲ್ಲೇ ಕೂರುವವರು. ಹಾಗಾಗಿ ನಾವು ಅಕ್ಕ ತಂಗಿಯರು ಸೇರಿ ಬಾಲ್ದಿ ತುಂಬ ಬಾವಿ ನೀರು ಹಿಡಿದು, ಎರಡು ಮುಷ್ಟಿ ಬ್ಲೀಚಿಂಗ್ ಪೌಡರ್ ಹಾಕಿ, ಕರ್ಟನನ್ನು ರಾತ್ರಿಯಿಡೀ ಅದ್ದಿಟ್ಟೆವು. ಬೆಳಿಗ್ಗೆ ತೆಗೆದರೆ ಬೆಳ್ಳಗಾಗುವ ಬದಲು ಅಲ್ಲಲ್ಲಿ ತುಕ್ಕಿನ ಬಣ್ಣದ ಕಲೆ!

ಇನ್ನೂ ದೊಡ್ಡ ತಪ್ಪು ಮಾಡಿದ್ದು ಆಮೇಲೆ. ತುಕ್ಕಿನ ಕಲೆಗೆ ಆ್ಯಸಿಡ್ ಒಳ್ಳೆಯದು ಎಂದು ಎಲ್ಲೋ ಕೇಳಿದ ನೆನಪಿನಲ್ಲಿ, ಟಾಯ್ಲೆಟ್ ತೊಳೆಯುವ ಆ್ಯಸಿಡನ್ನು ಅದೇ ಬಾಲ್ದಿಗೆ ಸುರಿದೆವು. ಬಾತ್‌ರೂಮಿನ ಕಿಟಕಿ ಮುಚ್ಚಿತ್ತು. ಒಂದು ನಿಮಿಷದಲ್ಲಿ ಕಣ್ಣು ಉರಿ, ಗಂಟಲು ಕಟ್ಟಿದ ಹಾಗೆ. ಶಬ್ದ ಕೇಳಿ ಒಳಗೆ ಬಂದ ಉಮ್ಮನಿಗೆ ಕೆಮ್ಮು ಹಿಡಿದದ್ದು ಸಂಜೆಯಾದರೂ ನಿಲ್ಲಲಿಲ್ಲ, ಕಡೆಗೆ ಡಾಕ್ಟರ ಹತ್ತಿರ ಹೋಗಬೇಕಾಯಿತು. ಬ್ಲೀಚಿಗೆ ಆ್ಯಸಿಡ್ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ವಿನೆಗರ್, ಲಿಂಬೆ ರಸ ಕೂಡ ಆ್ಯಸಿಡ್‌ಗಳೇ, ಬ್ಲೀಚಿನ ಜತೆ ಅವೂ ಬೇಡ. ಈ ಲೇಖನದಲ್ಲಿ ಬೇರೇನೂ ನೆನಪಿನಲ್ಲಿ ಉಳಿಯದಿದ್ದರೂ ಇದೊಂದು ಉಳಿಯಲಿ.

ಕಲೆ ಬಂದದ್ದು ಯಾಕೆ ಎಂಬುದು ನಮಗೆ ತಿಳಿದದ್ದು ತಡವಾಗಿ. ನಮ್ಮ ಕರಾವಳಿಯ ಮಣ್ಣು ಮುರಕಲ್ಲಿನದ್ದು. ಮುರಕಲ್ಲಿಗೆ ಆ ಕೆಂಪು ಬಣ್ಣ ಬಂದದ್ದೇ ಕಬ್ಬಿಣದಿಂದ. ಎಷ್ಟೋ ಬಾವಿ, ಬೋರ್‌ವೆಲ್ ನೀರಿನಲ್ಲಿ ಈ ಕಬ್ಬಿಣ ಕಣ್ಣಿಗೆ ಕಾಣದ ಹಾಗೆ ಕರಗಿರುತ್ತದೆ. ಬ್ಲೀಚ್ ಬಿದ್ದ ಕೂಡಲೇ ಅದು ತುಕ್ಕಾಗಿ ತಿರುಗಿ ಬಟ್ಟೆಯ ಎಳೆಗೆ ಕೂರುತ್ತದೆ. ನಿಮ್ಮ ನೀರು ಹೇಗಿದೆ ಎಂದು ನೋಡಲು ಲ್ಯಾಬ್ ಬೇಡ. ಬಿಳಿ ಬಾಲ್ದಿಯಲ್ಲಿ ರಾತ್ರಿ ನೀರು ತುಂಬಿಸಿಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಮಡ್ಡಿ ಇದ್ದರೆ ಕಬ್ಬಿಣ ಇದೆ ಎಂದೇ ಲೆಕ್ಕ. ಅಂಥ ನೀರನ್ನು ಹಾಗೆಯೇ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಳಸಿದರೆ ಅರ್ಧ ತೊಂದರೆ ಕಡಿಮೆ.

ಅಲ್ಲದೆ ಈಗಿನ ನೆಟ್ ಕರ್ಟನ್ ಹೆಚ್ಚಿನವು ಪಾಲಿಯೆಸ್ಟರ್, ಕೆಲವು ನೈಲಾನ್. ಕ್ಲೋರಿನ್ ಬ್ಲೀಚ್ ಪಾಲಿಯೆಸ್ಟರನ್ನು ಅಷ್ಟೇನೂ ಬೆಳ್ಳಗೆ ಮಾಡುವುದಿಲ್ಲ, ನೈಲಾನನ್ನಂತೂ ಇನ್ನಷ್ಟು ಹಳದಿ ಮಾಡುತ್ತದೆ. ನಮ್ಮ ಉಮ್ಮಂದಿರ ಕಾಲದ ಹತ್ತಿ ಬಟ್ಟೆಗೆ ಸರಿ ಬರುತ್ತಿದ್ದ ಮದ್ದು ಇದಕ್ಕೆ ಸಲ್ಲದು.

ಹಾಗಾದರೆ ಎಂತ ಮಾಡುವುದು? ಮೊದಲು ಕೊಕ್ಕೆ, ರಿಂಗ್ ತೆಗೆದು ಅಂಗಳದಲ್ಲಿ ಚೆನ್ನಾಗಿ ಕೊಡವಿ. ಆಮೇಲೆ ಸೋಪು ಇಲ್ಲದೆ ಬರೀ ತಣ್ಣೀರಿನಲ್ಲಿ ಅರ್ಧ ಗಂಟೆ ಅದ್ದಿ. ಆ ನೀರಿನ ಬಣ್ಣ ನೋಡಿದರೆ ನಿಮಗೇ ಬೇಸರ ಬರುತ್ತದೆ, ರಸ್ತೆ ಬದಿಯ ಮನೆಯಾದರೆ ಕೇಳುವುದೇ ಬೇಡ. ನೀರು ತಿಳಿಯಾಗುವ ತನಕ ಎರಡು ಮೂರು ಸಲ ಬದಲಿಸಿ. ಈ ಹಂತವನ್ನು ಬಿಟ್ಟು ನೇರ ಸೋಪಿಗೆ ಹಾಕುವವರೇ ಹೆಚ್ಚು. ಅಡಿಗೆಮನೆಯ ಕರ್ಟನ್‌ನಲ್ಲಿ ಮೀನು ಹುರಿದ ಎಣ್ಣೆಯ ಜಿಡ್ಡು ಇರುತ್ತದಲ್ಲ, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಸವರಿ ಹತ್ತು ನಿಮಿಷ ಬಿಡಿ.

ಬೆಳ್ಳಗೆ ಮಾಡಲು ಕ್ಲೋರಿನ್ ಬದಲು ಆಕ್ಸಿಜನ್ ಬ್ಲೀಚ್ ಎಂಬ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಪೊಟ್ಟಣದ ಮೇಲೆ ಸೋಡಿಯಂ ಪರ್‌ಕಾರ್ಬೋನೇಟ್ ಎಂದು ಇರುತ್ತದೆ. 10 ಲೀಟರ್ ಬಾಲ್ದಿಗೆ ಮೂರು ನಾಲ್ಕು ದೊಡ್ಡ ಚಮಚ ಸಾಕು. ನೀರು ಕೈ ತಾಳುವಷ್ಟು ಬೆಚ್ಚಗೆ, ಅಂದರೆ 40 ಡಿಗ್ರಿಯ ಆಸುಪಾಸು ಇರಲಿ. ಕುದಿಯುವ ನೀರು ಹಾಕಿದರೆ ಪಾಲಿಯೆಸ್ಟರ್‌ನಲ್ಲಿ ಬಿದ್ದ ಸುಕ್ಕು ಮತ್ತೆ ಹೋಗುವುದಿಲ್ಲ. ಪುಡಿ ಪೂರ್ತಿ ಕರಗಿದ ಮೇಲೆ ಕರ್ಟನ್ ಹಾಕಿ ನಾಲ್ಕೈದು ಗಂಟೆ ಬಿಟ್ಟು, ಹಿಂಡದೆ ಅದುಮಿ ತೊಳೆಯಿರಿ. ಮಳೆಗಾಲದಲ್ಲಿ ಅಂಚಿಗೆ ಹಿಡಿಯುವ ಕಪ್ಪು ಬೂಸ್ಟಿಗೂ ಇದೇ ಆದೀತು. ಮೆಷಿನ್‌ಗೆ ಹಾಕುವುದಿದ್ದರೆ ದಿಂಬಿನ ಕವರಿನೊಳಗೆ ತುಂಬಿಸಿ ಬಾಯಿ ಕಟ್ಟಿ, ಸ್ಪಿನ್ ಕಡಿಮೆ ಇಡಿ.

ತುಕ್ಕಿನ ಕಲೆಗೆ ನಮ್ಮ ಹಿತ್ತಿಲಲ್ಲೇ ಮದ್ದು ಇದೆ, ಬಿಂಬುಳಿ. ಮೀನು ಸಾರಿಗೆ ಹಾಕುವ ಅದೇ ಹುಳಿ. ಅದರಲ್ಲಿರುವ ಆಕ್ಸಾಲಿಕ್ ಆ್ಯಸಿಡ್ ತುಕ್ಕನ್ನು ಕರಗಿಸುತ್ತದೆ. ಜಜ್ಜಿ ರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಕಲೆ ಮಾಸುತ್ತದೆ, ಇಲ್ಲದಿದ್ದರೆ ಇನ್ನೊಮ್ಮೆ ಹಚ್ಚಿ. ಆದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಬಟ್ಟೆಯಲ್ಲಿ ಬ್ಲೀಚಿನ ಒಂದು ಹನಿಯೂ ಉಳಿದಿರಬಾರದು.

ನೀಲಿ ಹಾಕುವ ವಿಷಯದಲ್ಲಿ ನಮ್ಮ ಮನೆಯಲ್ಲೇ ಜಗಳವಿದೆ. ಉಮ್ಮನಿಗೆ ನೀಲಿ ಇಲ್ಲದೆ ಒಗೆತ ಮುಗಿಯುವುದಿಲ್ಲ. ನಾವು ಹೇಳುವುದು, ನೀಲಿ ಕೊಳೆ ತೆಗೆಯುವುದಿಲ್ಲ, ಹಳದಿ ಕಣ್ಣಿಗೆ ಕಾಣದ ಹಾಗೆ ಮಾಡುತ್ತದೆ ಅಷ್ಟೇ. ಶುಚಿಯಾದ ಬಟ್ಟೆಗೆ ಕೊನೆಯ ನೀರಿನಲ್ಲಿ ಎರಡು ಹನಿ ಚೆಂದ. ಕೊಳೆಯ ಮೇಲೆ ಸುರಿದರೆ ಬೂದು ಬಣ್ಣ.

ಒಣಗಿಸುವುದು ಸುಲಭ. ನೀರು ಇಳಿದ ಮೇಲೆ ಒದ್ದೆ ಇರುವಾಗಲೇ ಕಿಟಕಿಗೆ ತೂಗುಹಾಕಿ ಫ್ಯಾನ್ ಹಾಕಿಬಿಡಿ. ತನ್ನ ಭಾರಕ್ಕೇ ಸುಕ್ಕು ಬಿಡುತ್ತದೆ, ಇಸ್ತ್ರಿ ಬೇಡ. ಅದಕ್ಕೇ ನಾವು ಈಗ ಮಳೆಗಾಲದಲ್ಲೂ ಒಮ್ಮೆ ಒಗೆಯುತ್ತೇವೆ. ಮಾಡಿನಿಂದ ಇಳಿಯುವ ಮಳೆನೀರಿನಲ್ಲಿ, ಮೊದಲ ನಾಲ್ಕು ಮಳೆಗೆ ಹಂಚು ತೊಳೆದು ಹೋದ ಮೇಲೆ, ಕಬ್ಬಿಣದ ಕಾಟವಿಲ್ಲ.

ಕಾಕ ತಂದ ಆ ಕರ್ಟನ್ ಬಿಂಬುಳಿಗೂ ಪೂರ್ತಿ ಬಗ್ಗಲಿಲ್ಲ. ನಿಶ್ಚಯದ ದಿನ ಮಾಮಿಯ ಮನೆಯಿಂದ ಸಾಲ ತಂದ ಕರ್ಟನ್ ತೂಗಿತ್ತು. ಉಮ್ಮ ಹಳೆಯದನ್ನು ಎಸೆಯಲು ಬಿಡಲಿಲ್ಲ. ಕಲೆ ಇಲ್ಲದ ಭಾಗ ಕತ್ತರಿಸಿ ಹೊಲಿದು ಅಡಿಗೆಮನೆಯ ಸಣ್ಣ ಕಿಟಕಿಗೆ ಹಾಕಿದ್ದಾರೆ. ಉಳಿದ ತುಂಡು ಬೇಸಿಗೆಯಲ್ಲಿ ಹಪ್ಪಳದ ಮೇಲೆ ಕಾಗೆ ಬಾರದ ಹಾಗೆ ಹೊದಿಸಲು ಆಗುತ್ತದೆ.